ಪರಸ್ಥಳದ ನುಡಿಯೂ ಸನ್ನೆಯೂ: ಕೆಲವು ತಪ್ಪು ಕಲ್ಪನೆಗಳು

ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು, ನರಸಿಂಹ ಸರಸ್ವತಿಗಳ ಪಾದುಕೆಗಳ ದರ್ಶನವನ್ನು ಪಡೆಯಲೆಂದು ಮಹಾರಾಷ್ಟ್ರದಿಂದ ದೇವಲ ಗಾಣಗಾಪುರಕ್ಕೆ ಬರುವ ಯಾತ್ರಿಕರಲ್ಲಿ ಅನೇಕರು, ಅಲ್ಲಿ ಮರಾಠಿಯಿಂದಲೇ ಸಕಲ ವ್ಯವಹಾರವೂ ಸಾಗುವುದಾದ್ದರಿಂದ ಕನ್ನಡದ ನಾಲ್ಕು ಮಾತುಗಳನ್ನು ಕಲಿತುಬರುವುದು ವ್ಯರ್ಥಶ್ರಮವೆಂದು ಭಾವಿಸಿರುವರು. ದೇವಾಲಯದ ಆವರಣದ ಮಟ್ಟಿಗೆ ಈ ಭಾವನೆ ಸುಳ್ಳಲ್ಲ. ಆದರೆ ಅಫಜಲಪುರದ ಸಂತೆಗೋ ಜೇವರ್ಗಿಯ ಬಸ್ ನಿಲ್ದಾಣಕ್ಕೋ ಹೋದೊಡನೆ, ಅಥವಾ ಗಾಣಗಾಪುರದಲ್ಲಿಯೇ ಮಾಧುಕರಿ ಭಿಕ್ಷೆಗೆಂದು ಒಂದು ಮನೆಯ ಹೊಸ್ತಿಲ ಮುಂದೆ ನಿಂತೊಡನೆ, ಕಿವಿಗೆ ಬೀಳುವುದು ಮನೆಮಾತಾದ ಕನ್ನಡ.

ಇದಕ್ಕಿಂತ ಆಳವಾಗಿ ಬೇರೂರಿರುವ ತಪ್ಪು ಕಲ್ಪನೆ ಸ್ವತಃ ಕನ್ನಡಿಗರದು. ದಕ್ಷಿಣದ ಜಿಲ್ಲೆಗಳಿಂದ ಉದ್ಯೋಗಾರ್ಥವಾಗಿಯೋ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಕ್ಕಾಗಿಯೋ ಬಂದವರು, ಕನ್ನಡ ತಾವು ಬಲ್ಲ ಭಾಷೆಯೇ ಆಗಿರಲು ಕಲಿಯತಕ್ಕದ್ದೇನೂ ಇಲ್ಲವೆಂದೂ, ಈ ಸೀಮೆಯ ಮಾತು ಒರಟೆಂದೂ ಬಗೆಯುತ್ತಾರೆ. ವಾಸ್ತವವು ಇದಕ್ಕೆ ತೀರ ವಿರುದ್ಧ. ‘ಬರ್ರಿ’, ‘ಕುಂದರ್ರಿ’, ‘ಊಟ ಆತೇನ್ರಿ’ ಎಂಬಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡ ‘ರಿ’ಕಾರವು ಗೌರವದ ಚಿಹ್ನೆ, ಅದನ್ನು ಬಿಟ್ಟು ಹಿರಿಯರೊಡನೆ ಮಾತಾಡಿದ ಅತಿಥಿಯೇ ಇಲ್ಲಿನವರ ದೃಷ್ಟಿಯಲ್ಲಿ ಒರಟನು. ‘ಶರಣ್ರಿ’ ಎಂದು ಕೈಮುಗಿದವನಿಗೆ ‘ಶರಣು ಶರಣಾರ್ಥಿ’ ಎಂಬ ಉತ್ತರ ದೊರೆಯುತ್ತದೆ. ಪುಟ್ಟ ಬಾಲಿಕೆಯನ್ನೂ ‘ಯವ್ವಾ’ ಎಂದು ಕರೆಯುವ ಈ ನುಡಿಯಲ್ಲಿರುವ ಮಾರ್ದವವನ್ನು ನಾನು ಬೇರೆಡೆ ಅಷ್ಟಾಗಿ ಕಂಡಿಲ್ಲ. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನ್ರಿ’ ಎನ್ನಬೇಕೆಂಬುದನ್ನೂ, ಕೊಡುಕೊಳ್ಳುವಲ್ಲಿ ಎಡಗೈ ಸಲ್ಲದೆಂಬುದನ್ನೂ ಮುಂಚಿತವಾಗಿಯೇ ಅರಿತಿರುವುದು ಲೇಸು.

ಮೂರನೆಯದು, ಸನ್ನೆಯು ಸಾರ್ವತ್ರಿಕ ಭಾಷೆಯೆಂಬ ನಂಬಿಕೆ. ಸಮ್ಮತಿಸೂಚಕವಾಗಿ ನಾವು ತಲೆಯನ್ನು ಪಕ್ಕಕ್ಕೆ ತೂಗುವುದು ಪರದೇಶದವರಿಗೆ ನಿರಾಕರಣೆಯಂತೆ ತೋರುವುದುಂಟು. ಗ್ರೀಸ್ ದೇಶದಲ್ಲಿ ಹುಬ್ಬೇರಿಸಿ ತಲೆಯನ್ನು ಹಿಂದಕ್ಕೆ ಎತ್ತಿದರೆ ‘ಇಲ್ಲ’ವೆಂದೇ ಅರ್ಥ, ನಮ್ಮ ದೇವತಾಮೂರ್ತಿಗಳಲ್ಲಿ ಅಭಯವನ್ನು ಸೂಚಿಸುವ ತೆರೆದ ಅಂಗೈಯನ್ನು ಅಲ್ಲಿ ಬೆರಳು ಹರಡಿ ಎದುರಿನವರ ಮುಖದತ್ತ ಚಾಚಿದರೆ ಅದು ‘ಮೂಡ್ಜಾ’ ಎಂಬ ಘೋರವಾದ ಅವಮಾನ. ಇನ್ನು ಉರ್ದು, ಮರಾಠಿಗಳ ನಡುವೆ ಬೆಳೆದ ಆಳಂದದ ತರುಣನಿಗೆ ಗ್ರೀಕರ ‘ನೇ’ ಎಂಬುದು ನಿಷೇಧವಾಗಿಯೇ ಕೇಳಿಸೀತು, ಅದಾದರೋ ‘ಹೌದು’. ‘ಇಲ್ಲ’ ಎಂಬುದಕ್ಕೆ ಅವರು ‘ಓಹಿ’ ಎನ್ನುವರು.

ಅಲ್ಪಸ್ವಲ್ಪ ಕಲಿತು ತೊದಲಿದರೆ ನಗೆಪಾಟಲಾಗುವೆವೆಂಬ ಭಯವೂ ನಿರಾಧಾರವಾದುದು. ಪರಿಚಿತನೊಬ್ಬನಿಗೆ ‘ಯಾಸು’ ಎಂದು ವಂದಿಸುವ ಗ್ರೀಕನು ಹಿರಿಯರಿಗೂ ಅಪರಿಚಿತರಿಗೂ ಬಹುವಚನದ ‘ಯಾಸಾಸ್’ ಎನ್ನುತ್ತಾನೆ. ನಮ್ಮ ‘ರಿ’ಕಾರದ ಮರ್ಮವನ್ನು ಬಲ್ಲವರಿಗೆ ಇದು ಕಠಿಣವಲ್ಲ. ಆದಕಾರಣ ಜೇವರ್ಗಿಯಿಂದ ಅಥೆನ್ಸಿಗೆ ಹೊರಟವರು ಈ ವಂದನೆಯನ್ನೂ, ಕೃತಜ್ಞತೆಯ ‘ಎಫ್‌ಹರಿಸ್ತೊ’ವನ್ನೂ, ಗಾಣಗಾಪುರಕ್ಕೆ ಬರುವವರು ‘ಶರಣ್ರಿ’ಯನ್ನೂ ಪ್ರಯಾಣಕ್ಕೆ ಮುನ್ನವೇ ಬಾಯಿಪಾಠ ಮಾಡಿಕೊಳ್ಳಲಿ.