ಹೆಜ್ಜೆ ಎಣಿಸುವ ಮುನ್ನ ಕೈ ನೋಡಿ

2019ರ ಫೆಬ್ರವರಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಒಂದು ಪಂದ್ಯ. ಡೆಟ್ರಾಯಿಟ್ ಪಿಸ್ಟನ್ಸ್ ವಿರುದ್ಧ ಆಡುತ್ತಿದ್ದ ವಾಷಿಂಗ್ಟನ್ ವಿಜರ್ಡ್ಸ್‌ನ ಬ್ರಾಡ್ಲಿ ಬೀಲ್ ಡ್ರಿಬಲ್ (ಚೆಂಡನ್ನು ಪುಟಿಸುವುದು) ನಿಲ್ಲಿಸಿ ಚೆಂಡು ಹಿಡಿದರು, ಎರಡು ಹೆಜ್ಜೆ ಹಾಕಿದರು. ಅಷ್ಟರಲ್ಲಿ ಚೆಂಡು ಕೈಜಾರಿತು. ಅದನ್ನು ಮತ್ತೆ ಹಿಡಿದು ಇನ್ನೂ ಮುಂದೆ ಹೋದರು. ರೆಫರಿ ಸೀಟಿ ಊದಲಿಲ್ಲ. ಇದು ಕಣ್ಣಿಗೆ ರಾಚುವ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ಮಿತಿಮೀರಿ ಹೆಜ್ಜೆ ಹಾಕಿದ ತಪ್ಪು ಎಂದು ಅಭಿಮಾನಿಗಳು ಸಿಟ್ಟಾದರು. ಚೆಂಡು ನಡುವೆ ಕೈತಪ್ಪಿ ಮರಳಿ ಸಿಕ್ಕಿದ್ದರಿಂದ ಇದು ನಿಯಮಬದ್ಧವೇ ಎಂದು ರೆಫರಿಗಳ ಸಂಘ ವಿವರಿಸಿತು. ಜಗಳ ಕಾಲಿನದೆಂದು ಕಂಡರೂ ಅದರ ಮೂಲ ಇದ್ದದ್ದು ಕೈಯಲ್ಲಿ.

ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬರೆದ 13 ನಿಯಮಗಳ ಪ್ರಕಾರ ಚೆಂಡು ಹಿಡಿದು ಓಡುವಂತಿರಲಿಲ್ಲ. ಆದರೂ ವೇಗವಾಗಿ ಓಡುತ್ತಲೇ ಚೆಂಡು ಹಿಡಿದವನಿಗೆ ರಿಯಾಯಿತಿ ಇತ್ತು. ಕಾರಣ ಜಡತ್ವ. ಓಡುವ ದೇಹ ಇದ್ದಲ್ಲೇ ತಟಕ್ಕನೆ ನಿಲ್ಲಲಾರದು. ಚಲಿಸುತ್ತಾ ಚೆಂಡು ಹಿಡಿದವರಿಗೆ ಇಂದು ಇರುವ ಎರಡು ಹೆಜ್ಜೆಯ ಅವಕಾಶಕ್ಕೂ ಅದೇ ಆಧಾರ.

ಈ ಎರಡು ಹೆಜ್ಜೆಯನ್ನು ಎಲ್ಲಿಂದ ಎಣಿಸಬೇಕು? 'ಗ್ಯಾದರ್' ಆದ ಮೇಲೆ, ಅಂದರೆ ಚೆಂಡು ಪೂರ್ತಿ ಆಟಗಾರನ ಹಿಡಿತಕ್ಕೆ ಬಂದ ಮೇಲೆ. ಆ ಕ್ಷಣದಲ್ಲಿ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಅಂತರರಾಷ್ಟ್ರೀಯ ಒಕ್ಕೂಟ ಫಿಬಾ 2017ರಲ್ಲಿ ಇದನ್ನು ಒಪ್ಪಿಕೊಂಡಿತು. ಎನ್‌ಬಿಎ 2019ರಲ್ಲಿ ಗ್ಯಾದರ್ ಎಂದರೇನೆಂದು ನಿಯಮಪುಸ್ತಕದಲ್ಲಿ ಬಿಡಿಸಿ ಬರೆಯಿತು. ಎರಡೂ ಕೈ ಚೆಂಡಿನ ಮೇಲೆ ಬಿದ್ದರೆ ಗ್ಯಾದರ್. ಒಂದು ಕೈ ಚೆಂಡಿನ ಕೆಳಗೆ ಹೋಗಿ ಅದನ್ನು ತಡೆದು ನಿಲ್ಲಿಸಿದರೂ ಗ್ಯಾದರ್.

'ತಡೆದು ನಿಲ್ಲಿಸುವುದು' ಎಂಬಲ್ಲೇ ತೊಡಕಿರುವುದು. ಪುಟಿದ ಚೆಂಡು ಮೇಲೇರಿ ಕೆಳಕ್ಕೆ ತಿರುಗುವಾಗ ಅದರ ಲಂಬ ವೇಗ ಒಂದು ಕ್ಷಣ ಸೊನ್ನೆಯಾಗಲೇಬೇಕು. ಆ ಅರ್ಥದಲ್ಲಿ ಪ್ರತಿ ಡ್ರಿಬಲ್‌ನಲ್ಲೂ ಚೆಂಡು ನಿಲ್ಲುತ್ತದೆ. ಹಾಗಾಗಿ ಕೈ ಎಲ್ಲಿದೆ ಎಂಬುದೇ ಮುಖ್ಯ. ಚೆಂಡಿನ ಮೇಲಿರುವ ಅಂಗೈ ಸಾಮಾನ್ಯವಾಗಿ ಅದನ್ನು ಕೆಳಕ್ಕೆ ತಳ್ಳಬಲ್ಲದೇ ಹೊರತು ಬೀಳದಂತೆ ಹಿಡಿಯಲಾರದು. ಕೆಳಗಿನ ಅಂಗೈ ಗುರುತ್ವಕ್ಕೆ ಎದುರು ನಿಂತು ಚೆಂಡನ್ನು ಹೊರಬಲ್ಲದು. ಹಾಗೆ ಹೊತ್ತು ಮತ್ತೆ ಡ್ರಿಬಲ್ ಮಾಡಿದರೆ 'ಕ್ಯಾರಿ' ಎಂಬ ತಪ್ಪು. ಪಕ್ಕದಿಂದ ಮೆಲ್ಲಗೆ ಕೆಳಕ್ಕೆ ಸರಿಯುವ ಕೈ ಯಾವಾಗ 'ಕೆಳಗೆ' ಬಂತೆಂಬುದರಲ್ಲಿ ಒಬ್ಬ ರೆಫರಿಗೂ ಇನ್ನೊಬ್ಬರಿಗೂ ಭಿನ್ನಾಭಿಪ್ರಾಯ ಬರುವುದು ಸಹಜ.

ಕಣ್ಣಿಗೂ ಮಿತಿಯಿದೆ. ನಮ್ಮ ದೃಷ್ಟಿ ಅತ್ಯಂತ ಸ್ಪಷ್ಟವಾಗಿರುವುದು ನಡುವಿನ ಸುಮಾರು 2 ಡಿಗ್ರಿಯಲ್ಲಿ ಮಾತ್ರ. 5 ಮೀಟರ್ ದೂರದಲ್ಲಿ ಅದು ಹೆಚ್ಚುಕಡಿಮೆ 17 ಸೆಂಟಿಮೀಟರ್ ಅಗಲ. ಚೆಂಡಿನ ವ್ಯಾಸವೇ ಸುಮಾರು 24 ಸೆಂಟಿಮೀಟರ್! ಸೊಂಟದೆತ್ತರದ ಕೈ ಮತ್ತು ನೆಲದ ಮೇಲಿನ ಪಾದಗಳನ್ನು ಒಟ್ಟಿಗೆ ಅಷ್ಟೇ ಸ್ಪಷ್ಟವಾಗಿ ನೋಡಲು ಯಾರಿಂದಲೂ ಆಗದು. ಒಂದರಿಂದ ಇನ್ನೊಂದಕ್ಕೆ ನೋಟ ಹೊರಳಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಪಾದ ನೆಲ ಮುಟ್ಟಿಬಿಟ್ಟಿರಬಹುದು.

ವಿಡಿಯೊವನ್ನು ಒಂದೇ ಚಿತ್ರದಲ್ಲಿ ನಿಲ್ಲಿಸಿ ತೀರ್ಪು ಕೊಡುವವರೂ ಒಂದು ಮಾತು ಗಮನಿಸಬೇಕು. ಕೈ ಎಲ್ಲಿತ್ತೆಂದು ಆ ಚಿತ್ರ ತೋರಿಸುತ್ತದೆ. ಚೆಂಡು ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ತೋರಿಸಲಾರದು, ಏಕೆಂದರೆ ನಿಲ್ಲಿಸಿದ ಚಿತ್ರದಲ್ಲಿ ಎಲ್ಲವೂ ನಿಂತೇ ಇರುತ್ತದೆ.

ನಿಯಮ ಎಷ್ಟೇ ಬಿಡಿಸಿ ಬರೆದರೂ ಎಡೆಬಿಡದ ಚಲನೆಯಲ್ಲಿ ಗೆರೆ ಎಳೆಯುವ ಕೆಲಸ ಮನುಷ್ಯರದೇ. ಮುಂದಿನ ಸಲ ಟ್ರಾವೆಲಿಂಗ್ ಎಂದು ಕೂಗುವ ಮುನ್ನ ವಿಡಿಯೊವನ್ನು ಹಿಂದಕ್ಕೆ ಓಡಿಸಿ, ಮೊದಲು ಕೈಯನ್ನು ನೋಡಿ, ಹೆಜ್ಜೆಯನ್ನು ಆಮೇಲೆ ಎಣಿಸಿ.