ಇಂಗಾಲ ನುಂಗುವ ಬ್ಯಾಕ್ಟೀರಿಯಾ ಭೂಮಿಯನ್ನು ತಂಪು ಮಾಡುತ್ತದೆಯೇ?

"ಗಿಡಮರಗಳಿಗಿಂತ ಹಲವು ಪಟ್ಟು ವೇಗವಾಗಿ ಇಂಗಾಲದ ಡೈಆಕ್ಸೈಡ್ ನುಂಗುವ ಬ್ಯಾಕ್ಟೀರಿಯಾ ಪತ್ತೆ! ಇನ್ನು ಭೂಮಿ ಬಿಸಿಯಾಗುವ ಚಿಂತೆಯಿಲ್ಲ. ಮರ ನೆಡುವ ಅಗತ್ಯವೂ ಇಲ್ಲ. ಎಲ್ಲರಿಗೂ ಕಳುಹಿಸಿ." ಇಂಥ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರ ಮೊದಲ ಸಾಲಿನಲ್ಲಿ ಸ್ವಲ್ಪ ಸತ್ಯವಿದೆ. ಉಳಿದ ಸಾಲುಗಳಲ್ಲಿ ಇಲ್ಲ. ಯಾಕೆ ಇಲ್ಲ ಎಂದು ತಿಳಿಯಬೇಕಾದರೆ ರುಬಿಸ್ಕೋ ಎಂಬ ಕಿಣ್ವದ ಪರಿಚಯ ಮಾಡಿಕೊಳ್ಳಬೇಕು.

ಕಿಣ್ವ ಅಂದರೆ ಜೀವಕೋಶದೊಳಗೆ ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸಿಕೊಡುವ ಪ್ರೋಟೀನ್. ರುಬಿಸ್ಕೋ ಮಾಡುವ ಕೆಲಸ ಇಷ್ಟೇ: ಐದು ಇಂಗಾಲದ ಪರಮಾಣುಗಳಿರುವ ಒಂದು ಸಕ್ಕರೆಗೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಂಟಿಸುತ್ತದೆ. ಆಗ ಮೂರು ಮೂರು ಇಂಗಾಲದ ಎರಡು ತುಂಡುಗಳು ಸಿಗುತ್ತವೆ. ಅಲ್ಲಿಂದ ಮುಂದೆ ಸಕ್ಕರೆ, ಪಿಷ್ಟ, ನಾರು ಎಲ್ಲ ತಯಾರಾಗುತ್ತವೆ. ನೀವು ಬೆಳಿಗ್ಗೆ ತಿಂದ ಇಡ್ಲಿಯ ಅಕ್ಕಿಯೂ ಹೀಗೇ ಆದದ್ದು. (ಈ ಚುಟುಕು ಹೆಸರನ್ನು ಇಟ್ಟದ್ದು 1979ರಲ್ಲಿ, ತಮಾಷೆಗೆ. ಅಮೆರಿಕದ ನಬಿಸ್ಕೋ ಎಂಬ ಬಿಸ್ಕತ್ತಿನ ಕಂಪನಿಯ ಹೆಸರಿನ ಪ್ರಾಸ ಅದು. ತಮಾಷೆಯ ಹೆಸರೇ ಉಳಿದುಬಿಟ್ಟಿತು.)

ಇಂಗಾಲ ಹಿಡಿಯುವುದು ಹಸಿರು ಎಲೆಯ ಕೆಲಸ ಮಾತ್ರ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವ ಸ್ವಪೋಷಕ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವಕ್ಕೆ ಬಿಸಿಲೇ ಬೇಡ. ಕೆಲವು ಗಂಧಕದಿಂದ, ಕೆಲವು ಕಬ್ಬಿಣದಿಂದ ಶಕ್ತಿ ಪಡೆಯುತ್ತವೆ. ನಿಮ್ಮ ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಾ ಆದ ಮೇಲೆ ಅದನ್ನು ನೈಟ್ರೇಟ್ ಕಡೆಗೆ ಸಾಗಿಸುವ ನೈಟ್ರೊಸೊಮೊನಾಸ್ ಕೂಡ ಇದೇ ಗುಂಪಿನದು. ಇವುಗಳಲ್ಲೂ ರುಬಿಸ್ಕೋ ಇದೆ.

ಎಲ್ಲ ರುಬಿಸ್ಕೋ ಒಂದೇ ಥರ ಇರುವುದಿಲ್ಲ. ಗಿಡಗಳದ್ದು ದೊಡ್ಡ ಯಂತ್ರ. ಎಂಟು ದೊಡ್ಡ, ಎಂಟು ಚಿಕ್ಕ ತುಂಡುಗಳು ಸೇರಿ ಆಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ, ಉದಾಹರಣೆಗೆ ರೋಡೋಸ್ಪಿರಿಲಮ್ ರುಬ್ರಮ್‌ನಲ್ಲಿ, ಎರಡೇ ದೊಡ್ಡ ತುಂಡುಗಳ ಸರಳ ರೂಪವಿದೆ. ಇದನ್ನು ಎರಡನೇ ಮಾದರಿ ಅನ್ನುತ್ತಾರೆ.

ಈಗ ವೇಗದ ವಿಷಯ. ಗಿಡದ ಒಂದು ರುಬಿಸ್ಕೋ ತಾಣ ಸೆಕೆಂಡಿಗೆ ಹಿಡಿಯುವುದು ಸುಮಾರು ಮೂರು ಇಂಗಾಲದ ಡೈಆಕ್ಸೈಡ್ ಅಣುಗಳನ್ನು. ಬೇರೆ ಕಿಣ್ವಗಳಿಗೆ ಹೋಲಿಸಿದರೆ ಇದು ಎತ್ತಿನಗಾಡಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಎರಡನೇ ಮಾದರಿ ಮತ್ತು ಅದರ ನೆಂಟ ಕಿಣ್ವಗಳಲ್ಲಿ ನೂರಕ್ಕೂ ಹೆಚ್ಚು ಬಗೆಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ ಅತಿ ವೇಗದ್ದು ಗ್ಯಾಲಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ್ದು. ಸೆಕೆಂಡಿಗೆ ಸುಮಾರು 22 ಅಣು. ಫಾರ್ವರ್ಡ್‌ನಲ್ಲಿರುವ "ಹಲವು ಪಟ್ಟು" ಸುಳ್ಳಲ್ಲ ಎಂದದ್ದು ಇದಕ್ಕೇ.

ಹಾಗಾದರೆ ತೊಡಕು ಎಲ್ಲಿ?

ರುಬಿಸ್ಕೋಗೆ ಒಂದು ಹಳೆಯ ದುರಭ್ಯಾಸವಿದೆ. ಇಂಗಾಲದ ಡೈಆಕ್ಸೈಡ್ ಹಿಡಿಯುವ ಬದಲು ಅದು ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಇದು ಹುಟ್ಟಿದ್ದು ಗಾಳಿಯಲ್ಲಿ ಆಮ್ಲಜನಕ ತುಂಬುವ ಮೊದಲು, ಅಂದರೆ 240 ಕೋಟಿ ವರ್ಷಗಳಿಗೂ ಹಿಂದೆ. ಆಗ ಎರಡರ ನಡುವೆ ವ್ಯತ್ಯಾಸ ಕಂಡುಹಿಡಿಯುವ ಅಗತ್ಯವೇ ಇರಲಿಲ್ಲ. ಇಂದಿನ ಗಾಳಿಯಲ್ಲಿ ಆಮ್ಲಜನಕ ಶೇ 21, ಇಂಗಾಲದ ಡೈಆಕ್ಸೈಡ್ ಶೇ 0.04 ಮಾತ್ರ. ಸುಮಾರು ಐನೂರು ಜನರ ಜಾತ್ರೆಯಲ್ಲಿ ಒಬ್ಬನನ್ನು ಹುಡುಕಿ ಹಿಡಿದಂತೆ. ಗೋಧಿ, ಭತ್ತದಂಥ ಬೆಳೆಗಳಲ್ಲಿ ನಾಲ್ಕೈದು ಸಲಕ್ಕೊಮ್ಮೆ ತಪ್ಪು ಆಗುತ್ತದೆ. ಆ ತಪ್ಪನ್ನು ಸರಿಪಡಿಸಲು ಗಿಡ ಶಕ್ತಿ ಖರ್ಚು ಮಾಡಬೇಕು, ಹಿಡಿದ ಇಂಗಾಲದಲ್ಲೂ ಸ್ವಲ್ಪ ಬಿಟ್ಟುಕೊಡಬೇಕು.

ಎರಡರ ನಡುವೆ ಭೇದ ಗುರುತಿಸುವ ಸಾಮರ್ಥ್ಯವನ್ನು ಒಂದು ಅಂಕಿಯಲ್ಲಿ ಅಳೆಯುತ್ತಾರೆ. ಪಾಲಕ್ ಸೊಪ್ಪಿನ ರುಬಿಸ್ಕೋಗೆ ಅದು ಸುಮಾರು 80. ರೋಡೋಸ್ಪಿರಿಲಮ್‌ನದ್ದಕ್ಕೆ 10ರಿಂದ 15. ಎರಡನೇ ಮಾದರಿಯ ಕಿಣ್ವಗಳು ಸಾಮಾನ್ಯವಾಗಿ ಹೀಗೇ: ಕೈ ಬೀಸು, ಕಣ್ಣು ಮಂದ. ಆಮ್ಲಜನಕ ಕಡಿಮೆ ಇರುವ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಜಾಗದಲ್ಲಿ ಅವು ಚೆನ್ನಾಗಿ ದುಡಿಯುತ್ತವೆ. ನಮ್ಮ ನಿಮ್ಮ ಅಂಗಳದ ಗಾಳಿಗೆ ತಂದು ನಿಲ್ಲಿಸಿದರೆ ತಡವರಿಸುತ್ತವೆ. ಆದ್ದರಿಂದ ಗಿಡದ ರುಬಿಸ್ಕೋವನ್ನು ಸೋಮಾರಿ ಎಂದು ಬೈಯುವುದು ನನಗೆ ಅನ್ಯಾಯ ಅನಿಸುತ್ತದೆ. ಅದು ನಿಧಾನವಾಗಿದ್ದರೂ ನೋಡಿಕೊಂಡು ಹಿಡಿಯುತ್ತದೆ.

ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. 2014ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧಕರು ತಂಬಾಕು ಗಿಡದ ರುಬಿಸ್ಕೋ ತೆಗೆದು ಸೈನೊಬ್ಯಾಕ್ಟೀರಿಯಾದ ವೇಗದ ರುಬಿಸ್ಕೋ ಕೂರಿಸಿದರು. ಗಿಡ ಬದುಕಿತು, ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಗಾಳಿ ಅದಕ್ಕೆ ಬೇಕಾಯಿತು. ಸೈನೊಬ್ಯಾಕ್ಟೀರಿಯಾ ತನ್ನ ರುಬಿಸ್ಕೋವನ್ನು ಕಾರ್ಬಾಕ್ಸಿಸೋಮ್ ಎಂಬ ಪ್ರೋಟೀನ್ ಡಬ್ಬಿಯೊಳಗಿಟ್ಟು, ಅಲ್ಲಿಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ ಕೊಡುತ್ತದೆ. ತಂಬಾಕಿನಲ್ಲಿ ಆ ಡಬ್ಬಿ ಇರಲಿಲ್ಲ.

ಇನ್ನೊಂದು ಸುದ್ದಿಯೂ ಫಾರ್ವರ್ಡ್‌ಗಳಲ್ಲಿ ತಿರುಗುತ್ತದೆ: "ಗಾಳಿ ತಿಂದು ಬದುಕುವ ಬ್ಯಾಕ್ಟೀರಿಯಾ ಸೃಷ್ಟಿ." ಇದು 2019ರ ಕೆಲಸ, ಅದೇ ವೈಜ್‌ಮನ್ ಸಂಸ್ಥೆಯದು. ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ರುಬಿಸ್ಕೋ ಮುಂತಾದ ಕಿಣ್ವಗಳನ್ನು ಕೊಟ್ಟು, ಸುಮಾರು 200 ದಿನ ಪಳಗಿಸಿದ ಮೇಲೆ ಅದು ತನ್ನ ದೇಹದ ಇಂಗಾಲವನ್ನೆಲ್ಲ ಇಂಗಾಲದ ಡೈಆಕ್ಸೈಡಿನಿಂದಲೇ ಪಡೆಯಲು ಕಲಿಯಿತು. ಅದ್ಭುತ ಸಾಧನೆ, ಸಂಶಯವಿಲ್ಲ. ಆದರೆ ಶಕ್ತಿಗಾಗಿ ಅದಕ್ಕೆ ಫಾರ್ಮೇಟ್ ಎಂಬ ರಾಸಾಯನಿಕ ಉಣಿಸಬೇಕಿತ್ತು. ಸುತ್ತಲಿನ ಗಾಳಿಯಲ್ಲಿ ಶೇ 10ರಷ್ಟು ಇಂಗಾಲದ ಡೈಆಕ್ಸೈಡ್ ಇರಬೇಕಿತ್ತು. ಫಾರ್ಮೇಟ್ ಉರಿಸುವಾಗ ಅದು ಹೊರಬಿಡುತ್ತಿದ್ದ ಇಂಗಾಲದ ಡೈಆಕ್ಸೈಡ್, ಒಳಗೆ ತೆಗೆದುಕೊಳ್ಳುತ್ತಿದ್ದುದಕ್ಕಿಂತ ಹೆಚ್ಚು! ಫಾರ್ವರ್ಡ್ ಮಾಡಿದವರು ಈ ಸಾಲನ್ನು ಬಿಟ್ಟಿರುತ್ತಾರೆ.

ಶಕ್ತಿಯ ಈ ಲೆಕ್ಕವನ್ನು ಯಾರೂ ತಪ್ಪಿಸಿಕೊಳ್ಳಲಾರರು. ಗ್ಯಾಲಿಯೊನೆಲ್ಲಾವನ್ನೇ ನೋಡಿ. ಅದು ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಶಕ್ತಿ ಪಡೆಯುತ್ತದೆ. ಅದರಿಂದ ಸಿಗುವ ಶಕ್ತಿ ತೀರಾ ಅಲ್ಪ. ಹಾಗಾಗಿ ಚೂರು ಇಂಗಾಲ ಹಿಡಿಯಲು ರಾಶಿ ಕಬ್ಬಿಣವನ್ನು ತುಕ್ಕು ಹಿಡಿಸಬೇಕು. ಕಬ್ಬಿಣದಂಶ ಹೆಚ್ಚಿರುವ ಬಾವಿ, ಬೋರ್‌ವೆಲ್, ಒರತೆಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ಲೋಳೆ ಬಹಳಷ್ಟು ಸಲ ಗ್ಯಾಲಿಯೊನೆಲ್ಲಾದಂಥ ಕಬ್ಬಿಣದ ಬ್ಯಾಕ್ಟೀರಿಯಾಗಳು ಬಿಟ್ಟ ಆ ತುಕ್ಕು. ಅತಿ ವೇಗದ ಕಿಣ್ವ ಇದ್ದರೂ ಅದು ನಿಮ್ಮ ಪೈಪನ್ನು ಕಟ್ಟಿಸುತ್ತದೆಯೇ ಹೊರತು ವಾತಾವರಣವನ್ನು ತಂಪು ಮಾಡಲಾರದು. ಮರ ಹಿಡಿದ ಇಂಗಾಲ ಕಾಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಬ್ಯಾಕ್ಟೀರಿಯಾ ಹಿಡಿದದ್ದರಲ್ಲಿ ಬಹುಪಾಲು, ಅದು ಸತ್ತ ಮೇಲೆ ಬೇಗನೆ ಗಾಳಿಗೆ ಮರಳುತ್ತದೆ.

ಅಂದ ಹಾಗೆ, ಇಂಥ ನೀರಿನ ಮೇಲೆ ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಕಾಣುತ್ತದೆ. "ಬಾವಿಗೆ ಡೀಸೆಲ್ ಸೇರಿದೆ" ಎಂದು ವಿಡಿಯೊ ಮಾಡಿ ಕಳುಹಿಸುವ ಮೊದಲು ಒಂದು ಕಡ್ಡಿಯಿಂದ ಕಲಕಿ ನೋಡಿ. ಪದರ ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಹೆಚ್ಚಾಗಿ ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಸುಳಿದು ಮತ್ತೆ ಒಂದಾದರೆ ಎಣ್ಣೆ ಇರಬಹುದು. ಕಬ್ಬಿಣದ ಬ್ಯಾಕ್ಟೀರಿಯಾಗಳಿಂದ ರೋಗ ಬರುವುದಿಲ್ಲ, ವಾಸನೆ ಮತ್ತು ಕಲೆ ಮಾತ್ರ. ಆದರೆ ಆ ನೀರು ಕುಡಿಯಲು ಯೋಗ್ಯವೇ ಎಂಬುದು ಲೋಳೆ ನೋಡಿ ಗೊತ್ತಾಗುವುದಿಲ್ಲ. ಅದಕ್ಕೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು.