ಇಲಿಯ ಶುಗರ್ ಇಳಿಯಿತು, ಸರಿ. ಯಾವ ಇಲಿ?



"ಇಲಿಗಳ ಮೇಲೆ ಪ್ರಯೋಗ ಆಗಿದೆ, ಶುಗರ್ ಪೂರ್ತಿ ಇಳಿದಿದೆ" ಎನ್ನುವ ಸಾಲಿನ ಜೊತೆ ಕಷಾಯದ ಮೆಸೇಜು ನಿಮಗೂ ಬಂದಿರುತ್ತದೆ. ನಂಬುವ ಮೊದಲು ಒಂದು ವಿಷಯ ತಿಳಿದಿರಲಿ.

ಪ್ರಯೋಗದ ಇಲಿಗಳು ಒಂದೇ ಥರ ಇರುವುದಿಲ್ಲ. ಕೆಲವಕ್ಕೆ ಸ್ಟ್ರೆಪ್ಟೊಜೋಟೊಸಿನ್ ಎಂಬ ಇಂಜೆಕ್ಷನ್ ಕೊಟ್ಟು, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನೇ ಕೊಲ್ಲುತ್ತಾರೆ. ಇನ್ನು ಕೆಲವು, ಉದಾಹರಣೆಗೆ ಜುಕರ್ ತಳಿಯವು, ಹುಟ್ಟಿನಿಂದಲೇ ಬೊಜ್ಜಿನವು. ಅವುಗಳಲ್ಲಿ ಇನ್ಸುಲಿನ್ ಧಾರಾಳವಾಗಿದೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇನ್ಸುಲಿನ್ ಬಾಗಿಲಿಗೆ ಬರುವ ಅತಿಥಿ ಎಂದುಕೊಳ್ಳಿ. ಜೀವಕೋಶದ ಮೇಲಿರುವ ರಿಸೆಪ್ಟರ್ ಅಂದರೆ ಕಾಲಿಂಗ್ ಬೆಲ್. ಮೊದಲನೇ ಇಲಿಯಲ್ಲಿ ಅತಿಥಿಗಳೇ ಇಲ್ಲ, ಹಾಗಾಗಿ ಲಿವರ್‌ನ ಕೋಶಗಳು ಬೆಲ್‌ಗಳನ್ನು ಹೆಚ್ಚಿಸಿಕೊಳ್ಳುತ್ತವೆ! ಹೊರಗಿನಿಂದ ಇನ್ಸುಲಿನ್ ಕೊಟ್ಟರೆ ಆ ಸಂಖ್ಯೆ ಮತ್ತೆ ಮಾಮೂಲಿಗೆ ಇಳಿಯುತ್ತದೆ. ಬೊಜ್ಜಿನ ಇಲಿಯದು ಉಲ್ಟಾ: ಸದಾ ಅತಿಥಿಗಳ ಗದ್ದಲ, ಬೆಲ್‌ಗಳು ಕಡಿಮೆ, ಒತ್ತಿದರೂ ಒಳಗೆ ಸರಿಯಾಗಿ ಕೇಳಿಸದು. ಇಲ್ಲಿ ಪಿಯೊಗ್ಲಿಟಜೋನ್ ಕೆಲಸಕ್ಕೆ ಬರುತ್ತದೆ. ಅದು ಕೊಬ್ಬಿನ ಕೋಶದ ಒಳಗಿರುವ ಬೇರೊಂದು ರಿಸೆಪ್ಟರ್ ಹಿಡಿದು, ಇರುವ ಇನ್ಸುಲಿನ್ನೇ ಚೆನ್ನಾಗಿ ಕೆಲಸ ಮಾಡುವಂತೆ ಮಾಡುತ್ತದೆ. ಇನ್ಸುಲಿನ್ನೇ ಇಲ್ಲದ ಇಲಿಗೆ ಈ ಮಾತ್ರೆಯೊಂದರಿಂದ ಏನೂ ಆಗದು.

(ಹಾಗಂತ ಇಲಿ ಪ್ರಯೋಗ ದಂಡ ಅನ್ನಬೇಡಿ. ಇದೇ ಮಾತ್ರೆ ತಿಂದ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡಿತ್ತು. ಮನುಷ್ಯರಲ್ಲೂ ಆ ಅನುಮಾನ ಬಂದು 2013ರಲ್ಲಿ ಭಾರತದಲ್ಲಿ ಕೆಲವು ವಾರ ಮಾರಾಟ ನಿಲ್ಲಿಸಿ, ಎಚ್ಚರಿಕೆಯ ಸೂಚನೆಯೊಂದಿಗೆ ಮತ್ತೆ ಬಿಟ್ಟರು.)

ಟೈಪ್ 1 ಇರುವ ಮಗು ಮೊದಲನೇ ಇಲಿಗೆ ಹತ್ತಿರ. ಟೈಪ್ 2 ಇರುವ ನಿಮ್ಮ ಅಪ್ಪ ಅಮ್ಮ ಶುರುವಿನಲ್ಲಿ ಎರಡನೆಯದಕ್ಕೆ ಹತ್ತಿರ. ವರ್ಷಗಳು ಕಳೆದಂತೆ ಅವರ ಬೀಟಾ ಕೋಶಗಳೂ ಸೋಲುತ್ತವೆ, ಆಗ ಇನ್ಸುಲಿನ್ ಬೇಕಾಗಬಹುದು. ಒಂದು ಇಲಿಗೆ ಹಿಡಿಸಿದ ಪುಡಿ ಮನೆಯವರಿಗೆಲ್ಲ ಹಿಡಿಸುತ್ತದೆ ಅನ್ನುವುದು ಹೇಗೆ?

ಮೆಂತ್ಯ, ಹಾಗಲಕಾಯಿ ಅಡುಗೆಯಲ್ಲಿ ಧಾರಾಳವಾಗಿರಲಿ. ಊರಿಂದ ಪುಡಿಯ ಪ್ಯಾಕೆಟ್ ಬಂದರೆ ನೀವಿರುವ ಊರಿನ ಡಾಕ್ಟರಿಗೆ ತೋರಿಸಿ. ಗ್ಲಿಮೆಪಿರೈಡ್‌ನಂಥ ಮಾತ್ರೆಯ ಜೊತೆ ಸೇರಿದರೆ ಶುಗರ್ ತೀರಾ ಇಳಿದು ಬೆವರು, ನಡುಕ ಬರಬಹುದು.

ಟೈಪ್ 1 ಇರುವವರ ಇನ್ಸುಲಿನ್ ಮಾತ್ರ ಒಂದು ದಿನವೂ ನಿಲ್ಲಿಸಬೇಡಿ. ನಿಲ್ಲಿಸಿದವರಿಗೆ ವಾಂತಿ, ಹೊಟ್ಟೆನೋವು, ಜೋರು ಉಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.